ತಾರಿಗುಡ್ಡೆಯ ತೋಟಗಳೂ ಸಂಜೀವ ಬಿದ್ದ ಮರವೂ

ಕಾಪುವಿನಲ್ಲಿ ನಿಮ್ಮ ತರಬೇತಿ ಶುರುವಾದ ದಿನ ನನಗೊಂದು ಶಾಲು ಹೊದೆಸಿ, ಕೈಗೆ ಮೈಕು ಕೊಟ್ಟು, ‘ಅನುಭವ ಹಂಚಿಕೊಳ್ಳಿ’ ಎಂದರು. ನಾನು ‘ಹುಷಾರಾಗಿ ಹತ್ತಿ’ ಎಂದು ಹೇಳಿ ಕುಳಿತುಬಿಟ್ಟೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಆಯುಷ್ಯವನ್ನೆಲ್ಲ ಮರದ ಮೇಲೆ ಕಳೆದವನಿಗೆ ವೇದಿಕೆಯ ಮೇಲೆ ನಿಂತರೆ ಕಾಲು ನಡುಗುತ್ತದೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು, ಪಾಸಾಗಲಿಲ್ಲ ಅಷ್ಟೇ.

ತೆಂಗಿನ ಮರದಿಂದ ನೀರಾ ಇಳಿಸುವ ನಿಮಗೆ ಈಗ ಟೆಕ್ನೀಷಿಯನ್ ಎಂಬ ಹೆಸರಿದೆ, ಸಮವಸ್ತ್ರವಿದೆ, ಸೊಂಟಕ್ಕೆ ಬೆಲ್ಟಿದೆ. ನಮ್ಮನ್ನು ಮೂರ್ತೆದಾರರು ಎನ್ನುತ್ತಿದ್ದರು. ಮೂರ್ತೆ ಎಂದರೆ ಮರದಿಂದ ಕಳ್ಳು ಇಳಿಸುವ ಕೆಲಸ. ಅದು ಮುಖದೆದುರು ಕರೆಯುವ ಹೆಸರು. ಬೆನ್ನ ಹಿಂದೆ ಕರೆಯುತ್ತಿದ್ದದ್ದನ್ನು ಬರೆಯುವುದಿಲ್ಲ. ಬಡ್ತಿಯ ವಿಷಯ ನನ್ನಲ್ಲಿ ಕೇಳಬೇಡಿ. ಮರದ ತುದಿಯವರೆಗೆ ಹೋಗುತ್ತಿದ್ದೆವು, ಇಳಿಯುತ್ತಿದ್ದೆವು. ಮಂಡಿ ಬೇಡವೆಂದ ದಿನ ನಿವೃತ್ತಿಯಾಯಿತು.

ಎಲ್ಲೂರಿನಿಂದ ಶಿರ್ವದ ಕಡೆಗೆ ಹೋಗುವ ಒಳದಾರಿಯಲ್ಲಿ ಒಂದು ಗುಡ್ಡೆ ಇದೆ. ಈಗ ಅದರ ಅರ್ಧ ಮಾತ್ರ ಉಳಿದಿದೆ. ನಮ್ಮವರು ಅದನ್ನು ತಾರಿಗುಡ್ಡೆ ಎನ್ನುತ್ತಾರೆ. ತಾರಿ ಎಂದರೆ ತಾಳೆ ಮರ, ಬೇಸಿಗೆಯಲ್ಲಿ ನೀವು ರಸ್ತೆ ಬದಿಯಲ್ಲಿ ನಿಂತು ತಿನ್ನುವ ತಾಟಿನಿಂಗು ಬಿಡುವ ಮರ. ನನ್ನ ಪ್ರಾಯದ ಕಾಲದಲ್ಲಿ ಆ ಗುಡ್ಡೆಯಲ್ಲಿ ಮೂರು ತೋಟಗಳಿದ್ದವು. ಬುಡದಲ್ಲಿ ಶಿರ್ವದ ಫೆಲಿಕ್ಸ್ ಪೊರ್ಬುಗಳ ತೆಂಗಿನ ತೋಟ. ಅವರ ಅಜ್ಜ ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆಯನ್ನು, ಕಡಿದು ಮೆಟ್ಟಿಲು ಮೆಟ್ಟಿಲಾಗಿ ಜಾಗ ಮಾಡಿ, ಗದ್ದೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿ, ಒಂದೊಂದೇ ಸಸಿ ನೆಟ್ಟದ್ದಂತೆ. ನಡುವಿನಲ್ಲಿ ಗುತ್ತಿನ ಮನೆಯವರ, ಅಂದರೆ ಊರಿನ ಹಳೆಯ ಜಮೀನ್ದಾರರ ತಾಳೆ ಮರಗಳು. ಅವನ್ನು ಯಾರೂ ನೆಟ್ಟದ್ದಲ್ಲ. ಮೇಲೆ, ಬರೀ ಬಂಡೆ ಇರುವಲ್ಲಿ, ಸರ್ಕಾರದ ಜಾಗದ ಬೈನೆ ಮರಗಳು, ಅವೂ ಕಳ್ಳು ಕೊಡುವ ತಾಳೆಯ ಜಾತಿಯವೇ.

ಮೂರು ತೋಟದ ಕಳ್ಳಿಗೂ ಮೂರು ರುಚಿ. ಬುಡದ್ದು ತೆಳು, ಬೇಗ ಹುಳಿಯಾಗುವಂಥದ್ದು. ನಡುವಿನದ್ದು ಸಿಹಿ, ಆದರೆ ತಲೆಗೆ ಹೊಡೆಯುವಂಥದ್ದು. ಮೇಲಿನ ಬೈನೆಯದ್ದು ತಂಪು, ಮೈ ಉಷ್ಣಕ್ಕೆ ಒಳ್ಳೆಯದೆಂದು ಬಾಣಂತಿಯರ ಮನೆಯಿಂದಲೂ ಒಂದು ತಂಬಿಗೆ ಕೇಳಿಕೊಂಡು ಬರುತ್ತಿದ್ದರು. ಕಾಪುವಿನ ಕಡಲ ಬದಿಯಿಂದ ಮೀನು ಮಾರಲು ಬಂದವರು ಬುಟ್ಟಿ ಖಾಲಿಯಾದ ಮೇಲೆ ನಮ್ಮ ಗಡಂಗಿಗೆ, ಅಂದರೆ ಕಳ್ಳಿನ ಅಂಗಡಿಗೆ ಬಂದು, ಬೆಂಚಿನಲ್ಲಿ ಕುಳಿತು ಮೊದಲು ಕೇಳುತ್ತಿದ್ದದ್ದು, ‘ಇವತ್ತು ಎಲ್ಲಿಯದ್ದು? ನಡುವಿನದ್ದು ಉಂಟಾ?’ ಕಾರ್ಕಳದ ಕಡೆಯಿಂದ ಸೈಕಲ್ಲಿನಲ್ಲಿ ಬರುವವರೂ ಇದ್ದರು. ಇಂಥ ಗುಡ್ಡೆಯನ್ನು ಬೇರೆ ದೇಶದಲ್ಲಾದರೆ ಹೆಸರು ಬರೆದು ಬೋರ್ಡು ಹಾಕುತ್ತಿದ್ದರೋ ಏನೋ. ನಮ್ಮಲ್ಲಿ ಕುಡಿದವರೂ ಬಾಯಿ ಒರೆಸಿಕೊಂಡು ಹಿಂದಿನ ದಾರಿಯಿಂದ ಹೋಗುತ್ತಿದ್ದರು.

ಕೆಲಸ ಹೀಗಿತ್ತು. ಅರಳುವ ಮೊದಲೇ ಹೊಂಬಾಳೆಯನ್ನು ಹುರಿಯಿಂದ ಬಿಗಿದು ಕಟ್ಟಬೇಕು. ಮರದ ಕೊಡತಿಯಿಂದ ದಿನವೂ ಮೆಲ್ಲಗೆ ಬಡಿಯಬೇಕು, ತೊಟ್ಟಿಲಲ್ಲಿರುವ ಮಗುವಿನ ಬೆನ್ನು ತಟ್ಟಿದ ಹಾಗೆ. ಜೋರಾದರೆ ಒಳಗೆ ಕೊಳೆಯುತ್ತದೆ, ಮೆಲ್ಲಗಾದರೆ ರಸ ಇಳಿಯುವುದಿಲ್ಲ. ಆಮೇಲೆ ತುದಿಯನ್ನು ಚೂರು ಚೂರೇ ಸವರಿ, ಕೆಳಗೆ ಮಡಕೆ ಕಟ್ಟಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸವರಲೇಬೇಕು. ಒಂದು ದಿನ ಬಿಟ್ಟರೆ ಬಾಯಿ ಒಣಗತೊಡಗುತ್ತದೆ, ಇನ್ನೊಂದು ದಿನ ಬಿಟ್ಟರೆ ಆ ಹೊಂಬಾಳೆಯ ಕತೆ ಮುಗಿಯಿತು. ನಿಮಗೆ ಆದಿತ್ಯವಾರ ರಜೆ ಎಂದು ಕೇಳಿ ನನಗೆ ನಗು ಬಂತು. ಮರಕ್ಕೆ ವಾರ ಗೊತ್ತಾಗುವುದಿಲ್ಲ, ಅದು ಇಳಿಸುತ್ತಲೇ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಮರಗಳನ್ನೂ ಹತ್ತಲೇಬೇಕು. ಅದು ಉಪಕಾರ ಅಲ್ಲ, ಲೆಕ್ಕವೂ ಇಲ್ಲ. ಅದು ಕ್ರಮ. ನನಗೆ ಜೊತೆಯಾಗಿದ್ದವನು ಸಂಜೀವ. ನನಗಿಂತ ಪ್ರಾಯದಲ್ಲಿ ಚಿಕ್ಕವನು, ಆಳಿನಲ್ಲಿ ಇನ್ನೂ ಚಿಕ್ಕವನು. ನನ್ನ ಎದೆಯವರೆಗೆ ಬರುತ್ತಿದ್ದ. ಬುಡದ ತೋಟ ನನ್ನದು, ಮೇಲಿನ ಬೈನೆ ಅವನದ್ದು, ನಡುವಿನ ತಾಳೆ ಇಬ್ಬರಿಗೂ ಸೇರಿ. ಕೆಲಸದಲ್ಲಿ ನನಗಿಂತ ನಾಜೂಕು. ಒಂದೇ ಒಂದು ಕೊರತೆ ಎಂದು ನಾವು ತಮಾಷೆ ಮಾಡುತ್ತಿದ್ದದ್ದು, ಅವನು ಕಳ್ಳು ಬಾಯಿಗೆ ಇಡುತ್ತಿರಲಿಲ್ಲ. ಒಂದು ಹನಿಯೂ.

ಅದಕ್ಕೆ ಕಾರಣ ಅವನ ಹೆಂಡತಿ ಗಿರಿಜಾ. ಗಿರಿಜಾಳ ಅಪ್ಪ ಕುಡಿದು ಕುಡಿದು ಸತ್ತವನು. ದಿನಾ ಸಂಜೆ ತೂರಾಡಿಕೊಂಡು ಬಂದು, ಅಂಗಳದಲ್ಲೇ ನಿಂತು, ‘ನಾನು ಕುಡಿದಿಲ್ಲ’ ಎಂದು ಹೇಳುವುದು ಅವನ ಅಭ್ಯಾಸ. ಹಾಗೆ ಹೇಳಿಯೇ ಒಳಗೆ ಬಂದು ತಾಯಿ ಮಗಳಿಬ್ಬರಿಗೂ ಹೊಡೆಯುತ್ತಿದ್ದ. ಮೂರ್ತೆದಾರನ ಸಂಬಂಧ ಬಂದಾಗ ಅವಳು ಒಪ್ಪಲಿಲ್ಲ. ಸಂಜೀವ ತಾನೇ ಅವರ ಮನೆಗೆ ಹೋಗಿ, ಕೆಲಸದ ಕತ್ತಿಯನ್ನು ಮುಟ್ಟಿ, ಬಾಯಿಗಿಡುವುದಿಲ್ಲ ಎಂದು ಮಾತು ಕೊಟ್ಟು ಬಂದ. ನಮ್ಮಲ್ಲಿ ಕತ್ತಿ ಮುಟ್ಟಿ ಸುಳ್ಳು ಹೇಳುವವರಿಲ್ಲ. ಅದೇ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಮರ ಹತ್ತಬೇಕಲ್ಲ, ಹೆದರಿಕೆ ಇರುತ್ತದೆ.

ಬಾಯಿಗಿಡದವನು ಮಾಡಿದ ಒಂದು ಎಡವಟ್ಟನ್ನು ಹೇಳಲೇಬೇಕು. ಬೆಲ್ಲ ಮಾಡಲು ಬೇಕಾದ ಸಿಹಿ ರಸಕ್ಕೆ ಮಡಕೆಯ ಒಳಗೆ ಸುಣ್ಣ ಸವರುತ್ತೇವೆ, ಹುಳಿಯಾಗದಿರಲಿ ಎಂದು. ಗಡಂಗಿಗೆ ಹೋಗುವ ಮಡಕೆಗೆ ಸುಣ್ಣ ಇಲ್ಲ. ಒಂದು ದಿನ ಸಂಜೀವ ಎರಡು ಬಗೆಯ ಮಡಕೆಗಳನ್ನೂ ಅದಲು ಬದಲು ಮಾಡಿದ. ನಾವಾದರೆ ಕೆಳಗಿಳಿದು ನಾಲಗೆಗೆ ಒಂದು ಹನಿ ತಾಗಿಸಿ ನೋಡುತ್ತಿದ್ದೆವು, ತಕ್ಷಣ ಗೊತ್ತಾಗುತ್ತಿತ್ತು. ಅವನು ತಾಗಿಸುವವನಲ್ಲ. ಸೀದಾ ಗಡಂಗಿಗೆ ಹೊತ್ತು ಹಾಕಿದ. ಹೊತ್ತು ಮಧ್ಯಾಹ್ನವಾದರೂ ಬೆಂಚಿನಲ್ಲಿ ಕುಳಿತ ಒಬ್ಬರಿಗೂ ಏನೂ ಏರಲಿಲ್ಲ. ಮೀನಿನವರೊಬ್ಬರು ಎದ್ದು ನಿಂತು, ‘ಎಂತ ಶೀನಣ್ಣ, ಪೂಜೆ ಉಂಟಾ ಇವತ್ತು? ಪಾಯಸ ಕೊಡ್ತಾ ಇದ್ದೀರಲ್ಲ!’ ಎಂದು ಕೂಗಿದರು.

ಶೀನಣ್ಣ ನಮ್ಮ ಕಂಟ್ರಾಕ್ಟರು. ಗುಡ್ಡೆಯ ಮೂರು ತೋಟಗಳನ್ನೂ ವಹಿಸಿಕೊಂಡು ಗಡಂಗು ನಡೆಸುತ್ತಿದ್ದವರು. ಅಂದು ಸಂಜೀವನ ಜನ್ಮ ಜಾಲಾಡಿದರು. ‘ಒಂದು ಹನಿ ನೆಕ್ಕಿ ನೋಡ್ಲಿಕ್ಕೆ ನಿನ್ನ ನಾಲಗೆಗೆ ಎಂತ ರೋಗ ಮಾರಾಯ?’ ಸಂಜೀವ ತಲೆ ತಗ್ಗಿಸಿ ನಗುತ್ತಾ ನಿಂತಿದ್ದ. ಗಡಂಗಿನಲ್ಲಿ ಅಂದು ಕುಳಿತಿದ್ದ ಎಲ್ಲರಿಗೂ ಗೊತ್ತಾಯಿತು, ಈ ಮನುಷ್ಯ ಕಳ್ಳಿನ ರುಚಿ ನೋಡುವವನಲ್ಲ ಎಂದು. ಆಮೇಲೆ ಬೇಕಾದಾಗ ಅವರಲ್ಲಿ ಒಬ್ಬರಿಗೂ ಇದು ನೆನಪಾಗಲಿಲ್ಲ. ಜನರ ಮೇಲಿನ ನನ್ನ ಸಿಟ್ಟು ಶುರುವಾಗುವುದು ಅಲ್ಲಿಂದ.

ಈಗ ಮೆಟ್ಟಿನ ವಿಷಯ. ನಿಮಗೆ ಹತ್ತುವ ಯಂತ್ರ ಇದೆ, ಆದ್ದರಿಂದ ಇದು ಗೊತ್ತಿರಲಿಕ್ಕಿಲ್ಲ. ನಾವು ಹತ್ತುವ ತೆಂಗಿನ ಮರದ ಮೈಗೆ ಕತ್ತಿಯಿಂದ ಪುಟ್ಟ ಪುಟ್ಟ ಮೆಟ್ಟು ಕೊಚ್ಚಿಕೊಳ್ಳುತ್ತಿದ್ದೆವು, ಹೆಬ್ಬೆರಳು ಊರಲು ಆಗುವಷ್ಟು. ಪ್ರತಿಯೊಬ್ಬ ಮೂರ್ತೆದಾರನೂ ತನ್ನ ಕಾಲಿನ ಅಳತೆಗೆ ಕೊಚ್ಚಿಕೊಳ್ಳುತ್ತಿದ್ದ. ಆಮೇಲೆ ಕಣ್ಣು ಬೇಡ, ಕಾಲಿಗೇ ಗೊತ್ತಿರುತ್ತದೆ ಮುಂದಿನ ಮೆಟ್ಟು ಎಲ್ಲಿ ಎಂದು. ನಾನು ಉದ್ದ ಕಾಲಿನವನು, ನನ್ನ ಮೆಟ್ಟುಗಳು ದೂರ ದೂರ. ಬುಡದ ತೋಟ ನನ್ನ ಕೈಗೆ ಬಂದಾಗ ನಾನು ಹೊಸ ಮೆಟ್ಟು ಕೊಚ್ಚಿದ್ದನ್ನು ನೋಡಿ ಫೆಲಿಕ್ಸ್ ಪೊರ್ಬುಗಳು ಕೆಂಡವಾದರು.

‘ಇದು ಮರವಾ, ಏಣಿಯಾ? ನನ್ನ ಅಜ್ಜ ನೆಟ್ಟ ಮರ! ಹಳೆಯವನ ಗಾಯ ಒಣಗುವ ಮೊದ್ಲು ನಿನ್ನದು ಶುರುವಾಯ್ತಾ?’

ಅವರ ಸಿಟ್ಟು ಸುಳ್ಳಲ್ಲ. ಮೆಟ್ಟಿನ ಗಾಯದಲ್ಲಿ ನೀರು ನಿಂತರೆ ಮರ ಒಳಗಿನಿಂದ ಕೊಳೆಯುತ್ತದೆ. ತೋಟ ಕೈತಪ್ಪುತ್ತದೆ ಎಂದು ಹೆದರಿದ ಶೀನಣ್ಣ ಕೂಡಲೇ ಅಪ್ಪಣೆ ಮಾಡಿದರು: ಇನ್ನು ಮುಂದೆ ಬುಡದ ತೋಟದ ಮರಕ್ಕೆ ಯಾರೂ ಕತ್ತಿ ತಾಗಿಸಬಾರದು. ಸಂಜೀವ ಆಗಲೇ ಕೇಳಿದ್ದ, ‘ನನ್ನ ಕಾಲಿಗೆ ನಡುವಿನಲ್ಲಿ ಒಂದೊಂದು ಮೆಟ್ಟು ಬೇಕು ಶೀನಣ್ಣ, ವಾಸಣ್ಣನಿಗೆ ಜ್ವರ ಬಂದ್ರೆ ನಾನು ಹತ್ಬೇಕಲ್ವಾ?’ ಶೀನಣ್ಣ ನನ್ನ ಕಡೆ ಕೈ ತೋರಿಸಿ, ‘ವಾಸು ಗಟ್ಟಿ ಆಳು, ಅವನಿಗೆ ಜ್ವರ ಬರುದಿಲ್ಲ’ ಎಂದು ನಕ್ಕು ಹೋದರು. ಮೇಲಿನವರು ಇಂಥ ಮಾತು ಆಡಿ ನಕ್ಕಾಗ ನೀವು ನಗಬೇಡಿ. ಇನ್ನೊಮ್ಮೆ ಕೇಳಿ, ಕೆಲಸ ಹೋದರೂ ಕೇಳಿ.

ಜ್ವರ ಬಂತು. ಮಳೆ ಹಿಡಿದ ಹೊಸತು, ಕಾಲಿಗೆ ಚುಚ್ಚಿದ ಮುಳ್ಳು ಕೀವಾಗಿ, ಪಾದ ಊದಿ, ಮೈ ಸುಡುತ್ತಿತ್ತು. ಬೆಳಿಗ್ಗೆ ಸಂಜೀವ ತನ್ನ ಮರಗಳನ್ನು ಮುಗಿಸಿ ನಮ್ಮ ಮನೆಯ ಅಂಗಳಕ್ಕೆ ಬಂದು, ಕಿಟಕಿಯಿಂದಲೇ ಮಾತಾಡಿದ.

‘ಹೇಗುಂಟು ವಾಸಣ್ಣ?’

‘ಕಾಲು ಊರ್ಲಿಕ್ಕೆ ಆಗುದಿಲ್ಲ. ಪಾಚಿ ಕಟ್ಟಿದೆ ಮರ, ಇವತ್ತೊಂದು ದಿನ ಬಿಡು. ಹೋದ್ರೆ ಹೋಗ್ಲಿ ಹೊಂಬಾಳೆ.’

‘ಬಿಡುದು ಎಂತಕ್ಕೆ? ನಿಮ್ಮ ಮರ ಹತ್ತುದು ಅಂದ್ರೆ ಎಕ್ಸ್‌ಪ್ರೆಸ್ ಬಸ್ಸಿಗೆ ಹತ್ತಿದ ಹಾಗೆ, ಮೆಟ್ಟಿಲು ಸ್ವಲ್ಪ ಎತ್ತರ ಅಷ್ಟೇ. ನೀವು ಗಂಜಿ ಕುಡಿದು ಮಲಗಿ’ ಎಂದು ನಗುತ್ತಾ ಹೋದ.

ಕಿಟಕಿಯ ಸರಳಿನ ಆಚೆ, ಒಂದು ಮಾರು ದೂರದಲ್ಲಿ ಅವನ ಮುಖ ಇತ್ತು. ಬಾಯಿಂದ ವೀಳ್ಯದೆಲೆಯ ವಾಸನೆ ಬರುತ್ತಿತ್ತು, ಮತ್ತೇನೂ ಇಲ್ಲ. ಇದನ್ನು ನಾನು ಯಾವ ದೈವದ ಎದುರು ಬೇಕಾದರೂ ನಿಂತು ಹೇಳುತ್ತೇನೆ.

ಅವನು ಬಿದ್ದದ್ದು ಇಳಿಯುವಾಗ. ಮೂರ್ತೆದಾರ ಇಳಿಯುವಾಗ ಸೊಂಟಕ್ಕೆ ಕಟ್ಟಿದ ಸೋರೆ ಬುರುಡೆ ತುಂಬಿರುತ್ತದೆ. ಮಡಕೆಯ ಕಳ್ಳನ್ನೆಲ್ಲ ಅದಕ್ಕೆ ಹೊಯ್ದುಕೊಂಡು ಇಳಿಯುವುದು ಕ್ರಮ. ಕೆಳಗಿನ ಮೆಟ್ಟಿಗೆ ಕಾಲು ಸಿಗದೆ ಅವನು ಚಾಚಿದ್ದಾನೆ, ಪಾಚಿಯಲ್ಲಿ ಹೆಬ್ಬೆರಳು ಜಾರಿದೆ. ಮುರಕಲ್ಲಿನ ಕಟ್ಟೆಯ ಅಂಚಿಗೆ ಬೆನ್ನು ಬಡಿದಿದೆ. ಬುರುಡೆ ಅವನ ಮೈಯಡಿಯಲ್ಲೇ ಒಡೆದು, ಕಳ್ಳು ಅಂಗಿಗೂ ಕೂದಲಿಗೂ ಕಿವಿಗೂ ಹರಿದಿದೆ. ಕೆಳಗಿನ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿದ್ದವರು ಓಡಿ ಬಂದರು. ಮೂಗಿಗೆ ಮೊದಲು ಬಡಿದದ್ದು ಆ ನಾತ. ಯಾರೋ ಒಬ್ಬರು ‘ಏರಿತ್ತು ಕಾಣ್ತದೆ’ ಎಂದರು. ಅಷ್ಟೇ ಸಾಕಾಯಿತು. ಶೀನಣ್ಣ ಸ್ಕೂಟರಿನಲ್ಲಿ ಬರುವಷ್ಟರಲ್ಲಿ ಅದು ಎಲ್ಲರ ಬಾಯಲ್ಲೂ ನಿಜವಾಗಿತ್ತು. ಶೀನಣ್ಣನಿಗಂತೂ ಅದು ಬೇಕಾದ ಮಾತೇ. ಕುಡಿದು ಬಿದ್ದವನಾದರೆ ಮೆಟ್ಟಿನ ಮಾತು ಬರುವುದಿಲ್ಲವಲ್ಲ.

ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದ ಸಂಜೀವನನ್ನು ನೋಡಿದ ಎಳೆ ಪ್ರಾಯದ ಡಾಕ್ಟರು ಮೂಗು ಮುಚ್ಚಿಕೊಂಡು, ‘ಬೆಳಿಗ್ಗೆ ಬೆಳಿಗ್ಗೆಯೇ ಹೀಗೆ ಕುಡಿದು ಹತ್ತಿದ್ರೆ ಮತ್ತೆಂತ ಆಗ್ತದೆ?’ ಎಂದರಂತೆ. ಹೇಳಿದ್ದು ಬಾಗಿಲಲ್ಲಿ ನಿಂತಿದ್ದ ಗಿರಿಜಾಳಿಗೆ. ಅವಳು ಹತ್ತಿರ ಹೋಗಿ ಗಂಡನ ತಲೆ ಮುಟ್ಟಿದಳು. ಕೂದಲಿನಿಂದ ಹಿಡಿದು ಅಂಗಾಲಿನವರೆಗೆ ಅವಳ ಅಪ್ಪನ ವಾಸನೆ. ಅವಳು ಹೊರಗೆ ಬಂದು ವರಾಂಡದ ಬೆಂಚಿನಲ್ಲಿ ಕುಳಿತುಕೊಂಡಳು, ಅಳಲಿಲ್ಲ.

ಸಂಜೀವನಿಗೆ ಸೊಂಟದಿಂದ ಕೆಳಗೆ ಬಲ ಬರಲೇ ಇಲ್ಲ. ಪ್ರಜ್ಞೆ ಬಂದಾಗ ಅವನು ಹೆಂಡತಿಯ ಮುಖ ನೋಡಿ ಹೇಳಿದ ಮೊದಲ ಮಾತು, ‘ನಾನು ಕುಡಿದಿಲ್ಲ ಗಿರಿಜಾ.’

ಪಾಪ, ಅದೊಂದು ಮಾತನ್ನು ಬಿಟ್ಟು ಬೇರೆ ಏನನ್ನು ಹೇಳಿದ್ದರೂ ಅವಳು ನಂಬುತ್ತಿದ್ದಳೋ ಏನೋ.

ಕುಂಟುತ್ತಾ ನಾನು ಅವರ ಮನೆಗೆ ಹೋಗಿ ಹೇಳಿದೆ. ಬುರುಡೆ ಒಡೆದದ್ದು ಹೇಳಿದೆ, ಮೆಟ್ಟಿನ ದೂರ ಹೇಳಿದೆ, ಕಿಟಕಿಯ ಬಳಿ ಮಾತಾಡಿದ್ದು ಹೇಳಿದೆ. ಅವಳು ಬೀಡಿ ಸುರುಟುತ್ತಾ ಕೇಳಿದಳು. ಕೊನೆಗೆ, ‘ವಾಸು ಭಾವ, ನೀವು ಅವರ ಜೊತೆಯವರು, ಅವರ ಹಾಗೇ ಹೇಳ್ತೀರಿ. ನನ್ನ ಅಪ್ಪನಿಗೂ ಜೊತೆಯವರು ಇದ್ದರು. ನಾನು ಮೂಸಿ ನೋಡಿದ್ದೇನೆ. ನನ್ನ ಮೂಗು ಸುಳ್ಳು ಹೇಳ್ತದಾ?’ ಎಂದಳು. ಒಳಗಿನಿಂದ ಸಂಜೀವ, ‘ಕತ್ತಿ ತಾ, ಮುಟ್ಟಿ ಹೇಳ್ತೇನೆ’ ಎಂದು ಕೂಗಿದ. ‘ಒಮ್ಮೆ ಮುಟ್ಟಿದ್ದು ಸಾಕು’ ಎಂದಳು ಅವಳು, ತಲೆ ಎತ್ತದೆ.

ನನ್ನ ಮೆಟ್ಟಿನಿಂದ ಅವನು ಬಿದ್ದನೆಂದು ಎದೆ ಬಡಿದುಕೊಳ್ಳುವವನು ನಾನಲ್ಲ. ಜ್ವರ ಬರುವುದು ಯಾರ ಕೈಯಲ್ಲಿದೆ? ನನಗೆ ಸಂಕಟವಾದದ್ದು ಬೇರೆಯದಕ್ಕೆ. ಅವನ ಕಾಲು ಹೋಯಿತು, ಅದನ್ನು ಅವನು ಸಹಿಸಿದ. ಹೆಂಡತಿ ನಂಬಲಿಲ್ಲ ಎಂಬುದನ್ನು ಸಹಿಸಲು ಅವನಿಂದ ಆಗಲಿಲ್ಲ.

ಗಿರಿಜಾ ಅವನನ್ನು ಬಿಟ್ಟು ಹೋದವಳಲ್ಲ. ಉಣ್ಣಿಸಿದಳು, ತೊಳೆದಳು, ಬೆನ್ನು ಹುಣ್ಣಾಗದಂತೆ ಹೊರಳಿಸಿದಳು, ಬೀಡಿ ಕಟ್ಟಿ ಮನೆ ನಡೆಸಿದಳು. ಆದರೆ ಮಾತು ಬೇಕಾದಷ್ಟಕ್ಕೇ. ‘ಗಂಜಿ ಆಗಿದೆ.’ ‘ಹೊರಳಿ.’ ‘ಮಾತ್ರೆ.’ ಅವನದ್ದೂ ಹಾಗೆಯೇ, ‘ಹೂಂ’, ‘ಬೇಡ’. ನಾನು ವಾರಕ್ಕೊಮ್ಮೆ ಹೋಗಿ ಅವನ ಚಾಪೆಯ ಪಕ್ಕ ಕುಳಿತು ಗುಡ್ಡೆಯ ಸುದ್ದಿ ಹೇಳುತ್ತಿದ್ದೆ. ಅವನು ಕೇಳುತ್ತಿದ್ದ, ಕೊನೆಗೆ ದನಿ ತಗ್ಗಿಸಿ, ‘ನೀವು ಇನ್ನೊಮ್ಮೆ ಹೇಳಿ ನೋಡ್ತೀರಾ ವಾಸಣ್ಣ?’ ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ, ಅವಳು ಬೀಡಿಯೆಲೆಯ ಮೇಲಿನಿಂದ ಕಣ್ಣು ತೆಗೆಯುತ್ತಿರಲಿಲ್ಲ. ವರ್ಷಗಳು ಕಳೆದ ಹಾಗೆ ಅವನು ಕೇಳುವುದನ್ನೇ ಬಿಟ್ಟ. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗುಡ್ಡೆಯ ಸುದ್ದಿಯೂ ಒಳ್ಳೆಯದೇನೂ ಇರಲಿಲ್ಲ. ಗುತ್ತಿನ ಮನೆಯಲ್ಲಿ ಪಾಲಾಯಿತು, ತಾಳೆ ಮರಗಳೂ ಪಾಲಾದವು. ಪಾಲು ಸಿಕ್ಕಿದವರು ಒಬ್ಬೊಬ್ಬರಾಗಿ ಮನೆಯ ಮಾಡಿನ ಪಕ್ಕಾಸಿಗೆಂದು ಕಡಿದು ಮಾರಿದರು. ತಾಳೆ ಮರ ಬೆಳೆಯಲು ಒಂದು ತಲೆಮಾರು ಬೇಕು, ಬೀಳಲು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಆಮೇಲೆ ಮೇಲಿನ ಬಂಡೆಯ ಬದಿಯಲ್ಲಿ ಮುರಕಲ್ಲು ಕಡಿಯುವ ಕೋರೆ ಶುರುವಾಯಿತು. ಯಂತ್ರದ ಗರಗಸ ಹಗಲಿಡೀ ಕಿರುಚುತ್ತಿತ್ತು. ಬೈನೆ ಮರಗಳ ಬುಡ ತೆರೆದು ಬೇರು ಗಾಳಿಯಲ್ಲಿ ನೇತಾಡಿದವು, ಮುಂದಿನ ಮಳೆಗೆ ಅವೇ ಉರುಳಿದವು. ಸಂಜೀವನ ಮರಗಳು ಅವು. ಆ ಸುದ್ದಿ ಹೇಳಿದ ದಿನ ಅವನು, ‘ಹೋಗ್ಲಿ, ಇನ್ನು ಹತ್ತುವವರು ಯಾರು’ ಎಂದು ಗೋಡೆಯ ಕಡೆ ಮುಖ ಮಾಡಿಕೊಂಡ. ಗಡಂಗು ಮುಚ್ಚಿತು. ಮೀನಿನವರು ಹೆದ್ದಾರಿ ಬದಿಯ ಬಾರಿಗೆ ಹೋಗತೊಡಗಿದರು. ಶೀನಣ್ಣ ತೀರಿಕೊಂಡರು. ಕೊನೆಗೆ ಉಳಿದದ್ದು ಫೆಲಿಕ್ಸ್ ಪೊರ್ಬುಗಳ ಬುಡದ ತೋಟ, ಅದೂ ಪೂರ್ತಿ ಅಲ್ಲ. ಅದರಲ್ಲಿ ನನ್ನ ಮಂಡಿ ಇರುವವರೆಗೆ ನಾನು ಹತ್ತಿದೆ. ಆ ಒಂದು ಮರವನ್ನು ಮಾತ್ರ ಮತ್ತೆ ಹತ್ತಲಿಲ್ಲ.

ಅಷ್ಟರಲ್ಲಿ ನೀವು ಬಂದಿರಿ. ಬುಡದ ತೋಟವನ್ನು ನಿಮ್ಮ ನೀರಾ ಘಟಕ ವಹಿಸಿಕೊಂಡಿತು. ಮಡಕೆಯ ಬದಲು ಐಸ್ ತುಂಬಿದ ಪೆಟ್ಟಿಗೆ, ಅದರೊಳಗೆ ಕ್ಯಾನು. ತಂಪಿನಲ್ಲಿ ರಸ ಹುಳಿಯಾಗುವುದಿಲ್ಲ, ಮಕ್ಕಳೂ ಕುಡಿಯಬಹುದು. ಒಳ್ಳೆಯ ಉಪಾಯ, ಒಪ್ಪುತ್ತೇನೆ. ಮರಕ್ಕೆ ಮೆಟ್ಟು ಕೊಚ್ಚುವ ಕೆಲಸವೂ ಇಲ್ಲ. ನಿಮ್ಮ ಯಂತ್ರಕ್ಕೆ ಉದ್ದ ಕಾಲು, ಗಿಡ್ಡ ಕಾಲು ಎಲ್ಲ ಒಂದೇ. ಅದನ್ನು ಮೊದಲ ಸಲ ನೋಡಿದ ದಿನ ನಾನು ತೋಟದ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಎದ್ದಿರಲಿಲ್ಲ. ನೀವು ‘ಅಜ್ಜನಿಗೆ ತಲೆಸುತ್ತು’ ಎಂದು ನೀರು ತಂದುಕೊಟ್ಟಿರಿ.

ಬೀಡಿ ಕೆಲಸ ಕಡಿಮೆಯಾಗಿದ್ದ ಗಿರಿಜಾ ಅಲ್ಲಿ ಕೆಲಸಕ್ಕೆ ಸೇರಿದ್ದು ನಿಮಗೆ ಗೊತ್ತು. ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಕ್ಯಾನನ್ನು ಮರದ ಬುಡದಲ್ಲಿ ಹಿಡಿಯುವುದು, ತೊಳೆಯುವುದು. ‘ಕಳ್ಳಿನ ಕೆಲಸಕ್ಕೆ ನೀನಾ?’ ಎಂದು ಕೇಳಿದ್ದಕ್ಕೆ, ‘ಇದು ಕಳ್ಳಲ್ಲ ಭಾವ, ನೀರಾ. ಇದರಲ್ಲಿ ನಾತ ಇಲ್ಲ’ ಎಂದಿದ್ದಳು.

ವಾರದ ಆರು ದಿನ ಅದು ನಿಜ. ಏಳನೆಯ ದಿನ ನಿಮಗೆ ರಜೆ, ಐಸ್ ಬದಲಿಸುವವರಿಲ್ಲ. ಮರಕ್ಕೆ ರಜೆ ಇಲ್ಲವೆಂದು ಆಗಲೇ ಹೇಳಿದೆನಲ್ಲ. ಸೋಮವಾರ ಬೆಳಿಗ್ಗೆ ಕ್ಯಾನಿನಲ್ಲಿ ಇರುವುದು ನೊರೆಯೆದ್ದ, ಹುಳಿತ, ಅಪ್ಪಟ ಕಳ್ಳು. ಅದನ್ನು ಇಳಿಸಿ ಚೆಲ್ಲುವುದು ನಿಮ್ಮ ಕ್ರಮ. ಹಾಗೆ ಒಂದು ಸೋಮವಾರ ಕ್ಯಾನು ಇಳಿಸುವಾಗ ಹಗ್ಗದ ಗಂಟು ಬಿಚ್ಚಿತು. ಗಂಟು ಹಾಕಿದವರು ನಿಮ್ಮಲ್ಲೇ ಒಬ್ಬರು, ಹೆಸರು ಹೇಳುವುದಿಲ್ಲ. ದೇವರ ದಯೆ, ಕ್ಯಾನು ಬದಿಗೆ ಬಿತ್ತು. ಕಳ್ಳು ಮಾತ್ರ ಪೂರ್ತಿ ಗಿರಿಜಾಳ ತಲೆಯ ಮೇಲೆ. ನೀವು ಹೆದರಿ ಕ್ಷಮೆ ಕೇಳಿ, ಮನೆಗೆ ಹೋಗಿ ಎಂದು ಕಳಿಸಿದಿರಿ. ಆಮೇಲೆ ಆದದ್ದು ನಿಮಗೆ ಗೊತ್ತಿಲ್ಲ. ಇಷ್ಟೆಲ್ಲ ಬರೆದದ್ದು ಅದನ್ನು ಹೇಳುವುದಕ್ಕೆ.

ಅವಳು ಸೆರಗು ಹಿಂಡಿಕೊಂಡು ಬಸ್ಸು ಹತ್ತಿದಳು. ಪಕ್ಕದಲ್ಲಿ ಕುಳಿತ ಹೆಂಗಸು ಎದ್ದು ಮುಂದಿನ ಸೀಟಿಗೆ ಹೋದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಕಂಡಕ್ಟರ್ ಹತ್ತಿರ ಬಂದು ಮೂಗು ಅರಳಿಸಿ, ‘ಎಂತಮ್ಮ ಇದು, ಬೆಳಿಗ್ಗೆ ಬೆಳಿಗ್ಗೆಯೇ?’ ಎಂದ.

ಗಿರಿಜಾಳ ಬಾಯಿಂದ ತಾನಾಗಿಯೇ ಬಂತು, ‘ನಾನು ಕುಡಿದಿಲ್ಲ.’

‘ಕುಡಿದವರೆಲ್ಲ ಹಾಗೇ ಹೇಳುದು. ಮುಂದಿನ ಸ್ಟಾಪಲ್ಲಿ ಇಳೀರಿ, ವಾಂತಿ ಗೀಂತಿ ಮಾಡಿದ್ರೆ ನಾನು ತೊಳೀಬೇಕು.’

ಇಳಿದು ನಡೆದುಕೊಂಡು ಬಂದಳು. ತನ್ನ ಮನೆಗೆ ಹೋಗಲಿಲ್ಲ, ನಮ್ಮ ಮನೆಗೆ ಬಂದಳು. ಅಂಗಳದಲ್ಲಿ ನಿಂತವಳ ಕೂದಲು ಅಂಟಂಟಾಗಿ ಮುಖಕ್ಕೆ ಮೆತ್ತಿಕೊಂಡಿತ್ತು, ನೊಣ ಮುತ್ತುತ್ತಿತ್ತು. ಬಸ್ಸಿನಲ್ಲಿ ಆದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಆಮೇಲೆ ಕೇಳಿದಳು, ‘ಆ ದಿನ ಬುರುಡೆ ಎಲ್ಲಿ ಒಡೆದದ್ದು ಭಾವ?’

‘ಅವನ ಮೈಯಡಿಯಲ್ಲಿ. ನಿನಗೆ ಹೇಳಿದ್ದೇನಲ್ಲ.’

‘ಹೇಳಿದ್ದೀರಿ’ ಎಂದಳು. ‘ಎಷ್ಟು ಸಲ ಹೇಳಿದ್ದೀರಿ.’ ಮೆಟ್ಟಿಲ ಮೇಲೆ ಕುಳಿತಳು. ನನ್ನ ಹೆಂಡತಿ ಬಿಸಿನೀರು ಕೊಡುತ್ತೇನೆಂದರೂ ಬೇಡವೆಂದಳು. ‘ಹೀಗೇ ಹೋಗ್ಬೇಕು ನಾನು. ನೀವು ಜೊತೆಗೆ ಬನ್ನಿ. ಒಬ್ಬಳೇ ಒಳಗೆ ಹೋಗ್ಲಿಕ್ಕೆ ನನಗೆ ಆಗುದಿಲ್ಲ.’

ನಾನು ಹೋದೆ. ಸಂಜೀವ ಜಗಲಿಯ ಒಳಗಿನ ಕೋಣೆಯಲ್ಲಿ ಮಲಗಿದ್ದ, ಮುದುಕನಾಗಿದ್ದ, ಎಲುಬು ಎಣಿಸುವಂತಿದ್ದ. ಅವಳು ಚಾಪೆಯ ಪಕ್ಕ ಕುಳಿತಳು. ಅವನು ಮೂಗು ಅರಳಿಸಿ ಅವಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

‘ಕ್ಯಾನು ಮಗುಚಿತು’ ಎಂದಳು. ‘ಬಸ್ಸಿನಿಂದ ಇಳಿಸಿದ್ರು. ನಾನು ಕುಡಿದಿಲ್ಲ ಅಂದೆ. ನಂಬ್ಲಿಲ್ಲ.’

ಅವನು ಅವಳ ಅಂಟಂಟು ಕೂದಲನ್ನೇ ನೋಡುತ್ತಾ ಕೇಳಿದ, ‘ಪೆಟ್ಟಾಯ್ತಾ?’

ಅದನ್ನು ಕೇಳಿದ್ದೇ ಅವಳು ಅವನ ಸತ್ತ ಕಾಲುಗಳ ಮೇಲೆ ತಲೆ ಇಟ್ಟು ಗಟ್ಟಿಯಾಗಿ ಅಳತೊಡಗಿದಳು. ಆಸ್ಪತ್ರೆಯ ಬೆಂಚಿನಲ್ಲಿ ಅಳದೆ ಉಳಿದದ್ದೆಲ್ಲ ಅಂದು ಬಂತು. ಸಂಜೀವನ ಕಾಲಿಗೆ ಅದು ಗೊತ್ತಾಗುತ್ತಿರಲಿಲ್ಲ. ಅವನು ಕೈ ಚಾಚಿದ, ಅವಳ ತಲೆ ಸಿಗಲಿಲ್ಲ, ಭುಜ ಸಿಕ್ಕಿತು.

ಅವನು ಕಳೆದ ಮಳೆಗಾಲದಲ್ಲಿ ತೀರಿಕೊಂಡ. ಅಂದರೆ ಆ ಸೋಮವಾರದ ನಂತರ ಅವರಿಬ್ಬರಿಗೆ ಒಂದು ಬೇಸಿಗೆ ಸಿಕ್ಕಿತು, ಅಷ್ಟೇ. ಅದು ಸಾಕಾಯಿತೇ ಎಂದು ನನ್ನನ್ನು ಕೇಳಬೇಡಿ, ಸಾಕಾಗಲಿಲ್ಲ. ಮರದಿಂದ ಬಿದ್ದವರನ್ನು ನೀವು ಎಂದಾದರೂ ಎತ್ತಬೇಕಾಗಿ ಬಂದರೆ, ಬಟ್ಟೆಯನ್ನು ಮೂಸಿ ಬಾಯಿಗೆ ಬಂದದ್ದು ಆಡಬೇಡಿ. ನಿಮ್ಮಿಂದ ನಾನು ಕೇಳುವುದು ಇದೊಂದೇ.

ಆ ಸೋಮವಾರ ನಾನು ಬಾಗಿಲಲ್ಲಿ ಮರದ ಹಾಗೆ ನಿಂತಿದ್ದೆ, ಹೋಗಬೇಕೋ ಇರಬೇಕೋ ತಿಳಿಯದೆ. ಗಿರಿಜಾಳ ಅಳು ಸ್ವಲ್ಪ ತಗ್ಗಿದ ಮೇಲೆ ಸಂಜೀವನೇ ನನ್ನ ಕಡೆ ತಿರುಗಿದ. ಅಷ್ಟು ವರ್ಷ ವಾರ ವಾರ ಬರುತ್ತಿದ್ದ ನನ್ನನ್ನು ಅವನು ಒಮ್ಮೆಯೂ ಎಬ್ಬಿಸಿ ಕಳಿಸಿದವನಲ್ಲ.

‘ನೀವು ಹೋಗಿ ವಾಸಣ್ಣ’ ಎಂದ. ‘ನಮಗೆ ಸ್ವಲ್ಪ ಮಾತಾಡ್ಲಿಕ್ಕೆ ಉಂಟು.’